ಸೂಪಿನಲ್ಲಿ ಬಾಗಿನ

"ಗೌರಿ ತವರಿಗೆ ಬರ್ತಾಳೆ ಅಂತೀಯ. ಮತ್ತೆ ನೀನ್ಯಾಕಮ್ಮ ಹೋಗಿಲ್ಲ?" ತದಿಗೆಯ ಬೆಳಿಗ್ಗೆ ಮಗಳು ಕೇಳಿದಳು. ನಿಂಗೆ ಸ್ಕೂಲ್ ಇದೆಯಲ್ಲ ಪುಟ್ಟಿ ಎಂದೆ. ನೋಯ್ಡಾದಲ್ಲಿ ಗೌರಿಗೆ ರಜೆ ಕೊಡುವವರು ಯಾರು?

ಹೂರಣ ರುಬ್ಬಿ ಆಗಿತ್ತು, ಕಣಕ ನೆನೆಯುತ್ತಿತ್ತು. ಬಾಳೆಎಲೆ, ತೆಂಗಿನಕಾಯಿ ಐಎನ್‌ಎ ಮಾರ್ಕೆಟ್ಟಿನಿಂದ ಬಂದಿದ್ದವು. ಬಿಚ್ಚೋಲೆ, ಕರಿಮಣಿಯನ್ನು ಅಮ್ಮ ಹೋದ ಸಲವೇ ಕಟ್ಟಿಕೊಟ್ಟಿದ್ದಳು. ದಾರಕ್ಕೆ 16 ಗಂಟು ಹಾಕಿದ್ದೂ ಆಯಿತು. ಇಲ್ಲದ್ದು ಮೊರ ಒಂದೇ. ಪ್ಲಾಸ್ಟಿಕ್ಕಿನದು ಬೇಕಾದಷ್ಟು ಸಿಗುತ್ತದೆ. ಗೌರಿ ಬೇಡ ಅನ್ನುತ್ತಿರಲಿಲ್ಲವೇನೋ, ನನಗೇ ಮನಸ್ಸು ಬರಲಿಲ್ಲ.

ಎದುರು ಮನೆಯ ಭಾಭಿ ಬಿಹಾರದವರು. ಅವರಿಗೂ ಅವತ್ತೇ ತೀಜ್, ಹನಿ ನೀರೂ ಕುಡಿಯದ ಉಪವಾಸ. ನನ್ನ ಪೇಚಾಟ ಕೇಳಿದವರೇ ಒಳಗೆ ಹೋಗಿ, ಛಠ್ ಪೂಜೆಗೆಂದು ಊರಿಂದ ತಂದಿಟ್ಟಿದ್ದ ಎರಡು ಹೊಸ ಸೂಪ್ ತಂದು ಕೊಟ್ಟರು. ಥೇಟ್ ನಮ್ಮ ಬಿದಿರಿನ ಮೊರ! ಕಾರ್ತಿಕಕ್ಕೆ ನಿಮಗೇ ಬೇಕಲ್ಲ ಅಂದರೆ, ಅಷ್ಟರಲ್ಲಿ ಊರಿಂದ ಯಾರಾದರೂ ಬರ್ತಾರೆ ಬಿಡು ಅಂದರು. ಇನ್ಯಾರಿಗೆ ಕೊಡಲಿ? ಬಾಗಿನ ಅವರಿಗೇ ಕೊಟ್ಟೆ. ಸೆರಗು ಮುಚ್ಚಿ ಹಿಡಿಯುವುದನ್ನು ಮಾತ್ರ ತೋರಿಸಿಕೊಡಬೇಕಾಯಿತು.

ಸೂಪಿಗೆ ಅರಿಶಿನ ಬಳಿಯುವಾಗಲೇ ಮಾವ ನೆನಪಾಗಿದ್ದರು. ಪ್ರತಿ ಗೌರಿಗೂ ಅರಸೀಕೆರೆಯಿಂದ ತುಮಕೂರಿಗೆ ಬರುತ್ತಿದ್ದರು. ಅಮ್ಮನಿಗೆ ಅರಿಶಿನ ಕುಂಕುಮದ ದುಡ್ಡು, ಒಂದು ಸೀರೆ. ಊಟ ಮಾಡಿ ಸಂಜೆಯೇ ವಾಪಸ್. ಇನ್ನೊಂದು ಹೋಳಿಗೆ ಹಾಕ್ತೀನಿ ಕೂತ್ಕೋ ಅಂತ ಅಮ್ಮ ಅವರ ಬಸ್ಸು ತಪ್ಪಿಸೋಕೆ ನೋಡುತ್ತಿದ್ದಳು. ನಮಗೋ ಮಾವ ತಂದ ಚಕ್ಕುಲಿ ಡಬ್ಬಿಯ ಮೇಲೇ ಕಣ್ಣು. ಹಬ್ಬಕ್ಕೆ ಅವಳು ತವರಿಗೆ ಹೋದದ್ದನ್ನು ನಾನು ನೋಡೇ ಇಲ್ಲ. ನಮಗೆ ಸ್ಕೂಲು, ಅಪ್ಪನಿಗೆ ಆಫೀಸು, ಮಾರನೇ ದಿನ ಗಣಪತಿಗೆ ಕಡುಬು. ಯಾಕಮ್ಮ ಹೋಗಲ್ಲ ಅಂತ ನಾವ್ಯಾರೂ ಕೇಳಲಿಲ್ಲ.

ಈಗ ಅಣ್ಣನ ದುಡ್ಡು ಫೋನಿಗೇ ಬಂದು ಬೀಳುತ್ತದೆ. ಪಾಪ, ಅವನಾದರೂ ಏನು ಮಾಡಿಯಾನು.

ಸಂಜೆ ಅಮ್ಮನಿಗೆ ಸೂಪಿನ ಕಥೆ ಹೇಳಿದೆ. "ಅವರಿಗೆ ರವಿಕೆ ಕಣ ಇಟ್ಟೆ ತಾನೇ? ನಾಳೆ ಉಪವಾಸ ಬಿಟ್ಟ ಮೇಲೆ ಹೋಳಿಗೆ ಕೊಡು, ಮರೀಬೇಡ," ಅಂದಳು. ಆಮೇಲೆ, "ನಿನ್ನ ಬಾಗಿನ ಇಲ್ಲೇ ಇಟ್ಟಿದೀನಿ ಕಣೆ. ಅಕ್ಕಿಗೆ ಹುಳ ಬೀಳೋದರೊಳಗೆ ಬಂದು ತಗೊಂಡು ಹೋಗು."

ದಸರಾ ರಜೆಗೆ ನೋಡ್ತೀನಮ್ಮ ಅಂದೆ. ಬೇಸಿಗೆ ರಜೆಗೂ ಹೀಗೇ ಅಂದಿದ್ದೆ ಅಂತ ಅವಳು ಹೇಳಲಿಲ್ಲ.