ಎಡಕ್ಕೆ ಎಂಟು, ಬಲಕ್ಕೆ ಎರಡು

ನನ್ನ ಬಲಗಣ್ಣಿನ ನಂಬರ್ ಮೈನಸ್ 2, ಎಡಗಣ್ಣಿನದು ಮೈನಸ್ 8. ಸಿಲಿಂಡರ್, ಅಂದರೆ ಓರೆ ನಂಬರ್, ಕೂಡ ತುಸು ಇದೆ, ಅದನ್ನು ಸದ್ಯಕ್ಕೆ ಬಿಟ್ಟುಬಿಡೋಣ. ದೇವರು ನನಗೆ ನಿಜವಾಗಿಯೂ ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಇಟ್ಟ ಅಂತ ಅಮ್ಮ ಹೇಳುತ್ತಿದ್ದರು. ನನಗೆ ನೋಡುವುದರಲ್ಲಿ ಅಂಥ ತೊಂದರೆ ಇರಲಿಲ್ಲ. ಇದ್ದದ್ದು ಬೇರೆಯವರಿಗೆ ಕಾಣುವುದರಲ್ಲಿ. ಬಲಗಡೆ ಲೆನ್ಸ್ ತೆಳ್ಳಗೆ, ಎಡಗಡೆ ಅಪ್ಪಟ ಸೋಡಾಬುಡ್ಡಿ. ಎಡಗಡೆ ಭಾರ ಜಾಸ್ತಿ, ಹಾಗಾಗಿ ಕನ್ನಡಕ ಸದಾ ಆ ಕಡೆಗೇ ವಾಲುತ್ತಿತ್ತು.

ನಾನು ಪೀಣ್ಯದ ಒಂದು ಮೆಷಿನ್ ಶಾಪಿನಲ್ಲಿ ಕ್ವಾಲಿಟಿ ನೋಡಿಕೊಳ್ಳುವವನು. ಜೇಬಿನಲ್ಲಿ ದಪ್ಪ ಅಳೆಯುವ ವರ್ನಿಯರ್ ಇಟ್ಟುಕೊಂಡು ಓಡಾಡುವವನಿಗೆ ಕನ್ನಡಕದ ಅಂಗಡಿಯಲ್ಲಿ 'ಸರ್, ಇದು ತುಂಬಾ ಥಿನ್ ಬರುತ್ತೆ' ಅಂದರೆ ಸಾಕಾಗುತ್ತಾ? ಎಷ್ಟು ಮಿಲಿಮೀಟರ್ ಅಂತ ಹೇಳಪ್ಪಾ! ಅಂಗಡಿಯ ಹುಡುಗ ಹೇಳಲಿಲ್ಲ. ನಾನೇ ಲೆಕ್ಕ ಹಾಕಿದೆ.

ಮೈನಸ್ ಲೆನ್ಸ್ ನಡುವೆ ತೆಳು, ಅಂಚಿನಲ್ಲಿ ದಪ್ಪ. ಅಂಚು ಎಷ್ಟು ದಪ್ಪ ಆಗುತ್ತದೆ ಅಂತ ಹೇಳುವ ಲೆಕ್ಕ, ಲೇತ್ ಮೇಲೆ ರೇಡಿಯಸ್ ಹೊಡೆದವರಿಗೆಲ್ಲ ಪರಿಚಯ ಇರುವಂಥದ್ದೇ. ಲೆನ್ಸಿನ ಆಪ್ಟಿಕಲ್ ಸೆಂಟರಿನಿಂದ (ಪಾಪೆಯ ಎದುರಿಗೆ ಬರಬೇಕಾದ ಬಿಂದು) ಅಂಚಿಗೆ ಇರುವ ದೂರವನ್ನು ಮಿ.ಮೀ.ನಲ್ಲಿ ತೆಗೆದುಕೊಂಡು ವರ್ಗ ಮಾಡಿ, ಪವರಿನಿಂದ ಗುಣಿಸಿ. ಅದನ್ನು 2000ದಿಂದ ಭಾಗಿಸಿ. ಆಮೇಲೆ ಇಂಡೆಕ್ಸಿನಲ್ಲಿ (ಲೆನ್ಸಿನ ವಸ್ತು ಬೆಳಕನ್ನು ಎಷ್ಟು ಬಗ್ಗಿಸುತ್ತದೆ ಅನ್ನುವ ಸಂಖ್ಯೆ, ಅದು ಹೆಚ್ಚಿದಷ್ಟೂ ಲೆನ್ಸ್ ತೆಳು) 1 ಕಳೆದು ಉಳಿದದ್ದರಿಂದ ಮತ್ತೆ ಭಾಗಿಸಿ. ನಡುವಿನ ದಪ್ಪ ಕೂಡಿಸಿ. ಹೆಚ್ಚುಕಡಿಮೆ ಸರಿಯಾಗೇ ಬರುತ್ತದೆ.

ನನ್ನ ಹಳೆಯ ಫ್ರೇಮಿನ ಕಡ್ಡಿಯ ಒಳಗೆ 54, 16 ಅಂತ ಇತ್ತು. ಲೆನ್ಸಿನ ಅಗಲ 54, ಮೂಗಿನ ಸೇತುವೆ 16, ಕೂಡಿದರೆ 70. ನನ್ನ ಎರಡು ಪಾಪೆಗಳ ನಡುವಿನ ದೂರ, ಅಂದರೆ ಪಿಡಿ, 62. ಹಾಗಾಗಿ ಒಂದೊಂದು ಲೆನ್ಸಿನ ಸೆಂಟರನ್ನೂ 4 ಮಿ.ಮೀ. ಮೂಗಿನ ಕಡೆಗೆ ಸರಿಸಲೇಬೇಕು. ಆಗ ಕಿವಿ ಕಡೆಯ ಅಂಚು ಸೆಂಟರಿನಿಂದ 31 ಮಿ.ಮೀ. ದೂರ. 1.67 ಇಂಡೆಕ್ಸಿನಲ್ಲೂ ಎಡಗಡೆ ಅಂಚು ಸುಮಾರು 7 ಮಿ.ಮೀ.!

ಅಂಗಡಿಯವರು 1.74 ಹಾಕಿಸಿ ಅಂದರು. ಸಾವಿರಗಟ್ಟಲೆ ಜಾಸ್ತಿ. ನಾನು ಅದರ ಬದಲು 46, 20ರ ಸಣ್ಣ ಫ್ರೇಮ್ ಹಿಡಿದುಕೊಂಡೆ, ದುಂಡಗಿನ ಶೆಲ್ ಫ್ರೇಮ್, ಅಂದರೆ ಪ್ಲಾಸ್ಟಿಕ್ಕಿನದು. ಇದರಲ್ಲಿ ಸೆಂಟರ್ ಸರಿಯುವುದು 2 ಮಿ.ಮೀ. ಮಾತ್ರ, ಅಂಚು 25ಕ್ಕೇ ಮುಗಿಯುತ್ತದೆ. ಅದೇ 1.67ರಲ್ಲಿ ಅಂಚು 5ಕ್ಕೆ ಇಳಿಯಿತು. ಇದೇ ಫ್ರೇಮಿಗೆ 1.74 ಹಾಕಿದ್ದರೆ ಇನ್ನೊಂದು 0.35 ಮಿ.ಮೀ. ಉಳಿಯುತ್ತಿತ್ತು, ಅಷ್ಟೇ. ಫ್ರೇಮ್ ಬದಲಾಯಿಸಿದ್ದಕ್ಕೆ ಉಳಿದದ್ದು 2 ಮಿ.ಮೀ. ದೊಡ್ಡ ಚೌಕದ ಫ್ರೇಮ್ ಫ್ಯಾಷನ್ ಇರಬಹುದು, ನಮ್ಮಂಥವರಿಗಲ್ಲ.

ಇದು ದಪ್ಪದ್ದನ್ನು ತೆಳು ಮಾಡುವ ಕಥೆ. ಆದರೆ ಎರಡೂ ಒಂದೇ ಥರ ಕಾಣಬೇಕಾದರೆ ಇನ್ನೊಂದು ದಾರಿಯೂ ಇದೆ: ತೆಳ್ಳಗಿರುವುದನ್ನು ಸ್ವಲ್ಪ ದಪ್ಪ ಮಾಡುವುದು. ಸ್ಟಾಕ್ ಲೆನ್ಸಿನಲ್ಲಿ ಇದು ಆಗುವುದಿಲ್ಲ, ಅದು ಮೊದಲೇ ಸಿದ್ಧವಾಗಿ ಬಂದಿರುತ್ತದೆ. ಆರ್‌ಎಕ್ಸ್ ಆರ್ಡರ್, ಅಂದರೆ ನಮ್ಮ ನಂಬರಿಗೇ ಮಾಡಿಸುವ ಆರ್ಡರ್, ಕೊಟ್ಟರೆ ಲ್ಯಾಬಿನವರು ನಡುವಿನ ದಪ್ಪವನ್ನು ನಾವು ಹೇಳಿದಷ್ಟು ಇಟ್ಟು ತಿರುವಿಕೊಡುತ್ತಾರೆ. ಬಲಗಡೆ ಸಾಮಾನ್ಯವಾಗಿ 1.3 ಬರುವಲ್ಲಿ 2.0 ಇಡಿಸಿದೆ. ಅಂಚು 3ರ ಹತ್ತಿರ ಬಂತು. ಭಾರವೂ ಸ್ವಲ್ಪ ಸಮ ಆಯಿತು, ವಾಲುವುದು ಕಡಿಮೆಯಾಯಿತು. ಬಲಗಡೆಗೆ ಮಾತ್ರ ಮಾಮೂಲಿ 1.50 ಪ್ಲಾಸ್ಟಿಕ್ ಹಾಕಿದರೂ ಇದೇ ಕೆಲಸ ಆಗುತ್ತದೆ, ದುಡ್ಡೂ ಉಳಿಯುತ್ತದೆ. ಆದರೆ ಎರಡು ಬೇರೆ ಬೇರೆ ಲೆನ್ಸ್ ತಂದರೆ ಕೋಟಿಂಗಿನ ಹೊಳಪು ಒಂದರಲ್ಲಿ ಹಸಿರು, ಇನ್ನೊಂದರಲ್ಲಿ ನೀಲಿ ಬರುವ ಸಂಭವ ಇದೆ. ಅದು ದಪ್ಪಕ್ಕಿಂತ ಬೇಗ ಕಣ್ಣಿಗೆ ಹೊಡೆಯುತ್ತದೆ. ಒಂದೇ ಲೆನ್ಸ್ ಒಡೆದರೂ ಜೊತೆಯಲ್ಲೇ ಬದಲಾಯಿಸಿ ಅನ್ನುವುದು ಬರೀ ವ್ಯಾಪಾರದ ಮಾತಲ್ಲ.

ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ಹಳೆಯ ಕನ್ನಡಕವನ್ನು ಟ್ಯೂಬ್‌ಲೈಟಿನ ಕೆಳಗೆ ಹಿಡಿದು ನೋಡಿದೆ. ಬಲಗಡೆ ಲೆನ್ಸಿನ ಮೇಲೆ ಟ್ಯೂಬ್‌ಲೈಟ್ ಸಣ್ಣದಾಗಿ, ಬಿಲ್ಲಿನ ಹಾಗೆ ಬಾಗಿ ಕಂಡಿತು. ಎಡಗಡೆ ಉದ್ದಕ್ಕೆ, ನೆಟ್ಟಗೆ. ಜೋರು ಮೈನಸ್ ಲೆನ್ಸಿನ ಮುಂಭಾಗವನ್ನು ಲ್ಯಾಬಿನವರು ಹೆಚ್ಚುಕಡಿಮೆ ಚಪ್ಪಟೆ ಇಡುತ್ತಾರೆ, ಕಡಿಮೆ ಪವರಿನದಕ್ಕೆ ಉಬ್ಬು ಕೊಡುತ್ತಾರೆ. ಎದುರಿಗೆ ನಿಂತವರಿಗೆ ಎರಡು ಲೆನ್ಸ್ ಬೇರೆ ಬೇರೆ ಅನ್ನಿಸುವುದಕ್ಕೆ ಅರ್ಧ ಕಾರಣ ಇದು. 'ಬೇಸ್ ಕರ್ವ್ (ಮುಂಭಾಗದ ಉಬ್ಬು) ಎರಡಕ್ಕೂ ಒಂದೇ ಇರಲಿ' ಅಂತ ಆರ್ಡರ್ ಚೀಟಿಯಲ್ಲಿ ಬರೆಸಿದೆ. ಬಲಗಡೆ ಓರೆಯಾಗಿ ನೋಡಿದರೆ ತುಸು ಮಸುಕು, ನಾನಂತೂ ಒಗ್ಗಿಕೊಂಡಿದ್ದೇನೆ.

ಫಿಟ್ಟಿಂಗ್ ಮಾಡುವವರ ಕೈಚಳಕವೂ ಇದರಲ್ಲಿ ಸೇರಿದೆ. ಲೆನ್ಸಿನ ಅಂಚಿನಲ್ಲಿ ಫ್ರೇಮಿಗೆ ಕೂರುವ ವಿ ಆಕಾರದ ಏಣು ಇರುತ್ತದಲ್ಲ, ಅದನ್ನು ಮುಂದಕ್ಕೆ ಕೂರಿಸಿದರೆ ಹೆಚ್ಚಿನ ದಪ್ಪವೆಲ್ಲ ಕೆನ್ನೆಯ ಕಡೆಗೆ ಹೋಗುತ್ತದೆ. ಮುಂದೆ ಎರಡೂ ಒಂದೇ ಮಟ್ಟ.

ಇಷ್ಟೆಲ್ಲ ಆದ ಮೇಲೆ ಮಗಳು ಕೇಳಿದಳು: "ಅಪ್ಪಾ, ನಿನ್ನ ಒಂದು ಕಣ್ಣು ಇನ್ನೂ ಚಿಕ್ಕದಾಗೇ ಇದೆಯಲ್ಲಾ?"

ಇದೆ. ಇಂಡೆಕ್ಸಿಗೂ ಕಣ್ಣು ಚಿಕ್ಕದಾಗಿ ಕಾಣುವುದಕ್ಕೂ ಏನೇನೂ ಸಂಬಂಧ ಇಲ್ಲ. ಅದು ಪವರಿನ ಕೆಲಸ, ಮತ್ತೆ ಲೆನ್ಸ್ ಕಣ್ಣಿನಿಂದ ಎಷ್ಟು ದೂರ ಇದೆ ಅನ್ನುವುದರ ಕೆಲಸ. 12 ಮಿ.ಮೀ. ದೂರದಲ್ಲಿ ಮೈನಸ್ 8 ಕಣ್ಣನ್ನು ಹತ್ತಿರ ಹತ್ತಿರ ಶೇಕಡಾ 9ರಷ್ಟು ಕುಗ್ಗಿಸಿ ತೋರಿಸುತ್ತದೆ, ಮೈನಸ್ 2 ಬರೀ 2ರಷ್ಟು. 30 ಮಿ.ಮೀ. ಅಗಲದ ಕಣ್ಣಿನಲ್ಲಿ ಅದು 2 ಮಿ.ಮೀ. ವ್ಯತ್ಯಾಸ. ನೋಸ್ ಪ್ಯಾಡ್ ಒಳಗೆ ಒತ್ತಿ ಲೆನ್ಸನ್ನು 3 ಮಿ.ಮೀ. ಹತ್ತಿರ ತಂದರೆ ಎಡಗಣ್ಣಿನಲ್ಲಿ ಶೇಕಡಾ 2ರಷ್ಟು ವಾಪಸ್ ಸಿಗುತ್ತದೆ. ನನ್ನ ಶೆಲ್ ಫ್ರೇಮಿನಲ್ಲಿ ಪ್ಯಾಡ್ ಇಲ್ಲ, ರೆಪ್ಪೆ ತಾಗುವುದು ಬೇರೆ. ಪೂರ್ತಿ ಹೋಗಬೇಕಾದರೆ ಕಾಂಟ್ಯಾಕ್ಟ್ ಲೆನ್ಸೇ ಸರಿ. ಕಾರ್ಖಾನೆಯ ಧೂಳು, ಕೂಲೆಂಟಿನ ನಡುವೆ ಅದನ್ನು ಯಾರು ಹಾಕಿಕೊಳ್ಳುತ್ತಾರೆ? ಮದುವೆ ಮುಂಜಿಗೆ ಮಾತ್ರ ಹಾಕುತ್ತೇನೆ. ಆಗ ನನ್ನ ಹೆಂಡತಿ, "ರೀ, ಯಾರೋ ಬೇರೆಯವರ ಹಾಗೆ ಕಾಣ್ತೀರ" ಅನ್ನುತ್ತಾಳೆ.

ತಿಪಟೂರಿನ ನಮ್ಮ ದೊಡ್ಡಪ್ಪನಿಗೆ ತೆಂಗಿನ ಗರಿ ಬಡಿದು ಒಂದು ಕಣ್ಣು ಹೋಗಿತ್ತು. ಅವರ ಕನ್ನಡಕದಲ್ಲಿ ಆ ಕಡೆಗೆ ಬ್ಯಾಲೆನ್ಸ್ ಲೆನ್ಸ್ ಹಾಕಿದ್ದರು. ಕಾಣದ ಕಣ್ಣಿಗೆ ಪವರ್ ಯಾವುದಾದರೇನು, ಇನ್ನೊಂದು ಕಡೆಯಷ್ಟೇ ದಪ್ಪ, ಅಷ್ಟೇ ಭಾರ ಇದ್ದರೆ ಆಯಿತು. ಒಂದೇ ಕಣ್ಣು ಉಳಿದವರು ಎರಡೂ ಕಡೆ ಪಾಲಿಕಾರ್ಬೊನೇಟ್ ಹಾಕಿಸಬೇಕು, ಅದು ಸುಲಭಕ್ಕೆ ಒಡೆಯುವುದಿಲ್ಲ. ಇರುವ ಒಂದು ಕಣ್ಣನ್ನು ಕಾಯಬೇಕಲ್ಲ.

ಈಗ ನನಗೆ ಚಾಳೀಸು ಬರುವ ವಯಸ್ಸು. ಪ್ರೋಗ್ರೆಸಿವ್ ಹಾಕಿಸಿ ಅಂತ ಎಲ್ಲರೂ ಹೇಳುತ್ತಾರೆ, ಒಂದೇ ಲೆನ್ಸಿನಲ್ಲಿ ಮೇಲೆ ದೂರಕ್ಕೆ, ಕೆಳಗೆ ಓದುವುದಕ್ಕೆ. ಆದರೆ ನಾನು ಲೆನ್ಸಿನ ಸೆಂಟರಿನಿಂದ 1 ಸೆಂ.ಮೀ. ಕೆಳಗೆ ನೋಡಿದರೆ ಎರಡು ಕಣ್ಣಿನ ನಡುವೆ 6 ಪ್ರಿಸಂ (ನೋಟ ಎಷ್ಟು ಪಕ್ಕಕ್ಕೆ ಸರಿಯುತ್ತದೆ ಅನ್ನುವ ಅಳತೆ) ವ್ಯತ್ಯಾಸ ಬರುತ್ತದೆ, ಅಕ್ಷರ ಮೇಲೊಂದು ಕೆಳಗೊಂದು ಕಾಣುತ್ತದೆ. ಮೆಟ್ಟಿಲು ಇಳಿಯುವಾಗ ಈಗಲೂ ತಲೆಯನ್ನೇ ಬಗ್ಗಿಸುತ್ತೇನೆ. ಓದುವುದಕ್ಕೆ ಬೇರೆ ಕನ್ನಡಕವೇ ಮಾಡಿಸುತ್ತೇನೆ. ಅಂಗಡಿಯಲ್ಲಿ ಆ 46ರ ಫ್ರೇಮ್ ಇನ್ನೊಂದು ಉಳಿದಿತ್ತು, ಕಂದು ಬಣ್ಣದ್ದು. ತೆಗೆದಿಡಿ ಅಂತ ಅಡ್ವಾನ್ಸ್ ಕೊಟ್ಟು ಬಂದಿದ್ದೇನೆ.