ಬಟನ್ ಒತ್ತಿದ್ರೆ ಆಯ್ತಲ್ವಾ ಸಾರ್

"ಬಟನ್ ಒತ್ತಿದ್ರೆ ಆಯ್ತಲ್ವಾ ಸಾರ್, ಅದಕ್ಯಾಕೆ ಇನ್ನೊಂದು ದಿನ?"

ಮಂಗಳವಾರ, ನಾನು ಎಡಿಟ್ ಮಾಡಿಕೊಟ್ಟ ಮದುವೆ ವಿಡಿಯೊದ ಹುಡುಗಿಯ ತಂದೆ ಫೋನಿನಲ್ಲಿ ಅಂದ ಮಾತು. ಒಳ್ಳೆಯ ಮನುಷ್ಯ, ಕೇಳುವ ಮೊದಲೇ ಅಡ್ವಾನ್ಸ್ ಕೊಟ್ಟವರು. ಆದರೂ ಆ ಮಾತು ವಾರವಿಡೀ ತಲೆಯೊಳಗೆ ಕೊರೆಯಿತು.

ವಿಷಯ ಏನಂದ್ರೆ, ಟೈಟಲ್ಲಿನಲ್ಲಿ ಅವರ ಭಾವಮೈದನ ಹೆಸರಿಗೆ ಒಂದು ಒತ್ತು ಬಿಟ್ಟುಹೋಗಿತ್ತು. ಆ ಒಂದು ಒತ್ತಿಗಾಗಿ ಮೂರು ಗಂಟೆಯ ವಿಡಿಯೊ ಪೂರ್ತಿ ಮತ್ತೆ ರೆಂಡರ್ ಆಗಬೇಕು, ಅಂದ್ರೆ ಜೋಡಿಸಿದ್ದನ್ನೆಲ್ಲ ಕಂಪ್ಯೂಟರು ಮತ್ತೆ ಫೈಲಾಗಿ ಬರೆಯಬೇಕು. ಇಡೀ ಮದುವೆಯನ್ನು ಒಂದೇ ಟೈಮ್‌ಲೈನಿನಲ್ಲಿ, ಅಂದ್ರೆ ತುಣುಕು ಜೋಡಿಸುವ ಒಂದೇ ಸಾಲಿನಲ್ಲಿ, ಕಟ್ಟಿದ್ದೆ. ತಪ್ಪು ನನ್ನದೇ, ಆದರೆ ಅವರಿಗೆ ಹೇಳಲಿಲ್ಲ.

ಎಡಿಟಿಂಗ್ ಶುರುವಾದದ್ದೂ ಹಾಗೇ. ಬಸವನಗುಡಿಯ ಛತ್ರದಲ್ಲಿ ಎರಡು ದಿನ, ಮೂರು ಕ್ಯಾಮೆರಾ, ಒಟ್ಟು 14 ಗಂಟೆ ಫೂಟೇಜ್. ಕ್ಯಾಮೆರಾ ಬರೆಯುವುದು ಸೆಕೆಂಡಿಗೆ 100 ಮೆಗಾಬಿಟ್, ಅಂದ್ರೆ ಗಂಟೆಗೆ 45 ಜಿಬಿ. ಲೆಕ್ಕ ಹಾಕಿದರೆ 630 ಜಿಬಿ. ಅಷ್ಟನ್ನೂ ಹಳೇ ಹಾರ್ಡ್‌ಡಿಸ್ಕಿನಿಂದ ನೇರ ಎಳೆದುಕೊಂಡು ಕೂತಿದ್ದೆ. ಪ್ಲೇ ಒತ್ತಿದರೆ ಪುರೋಹಿತರು ಎತ್ತಿದ ಕೈ ಎತ್ತಿದ ಹಾಗೇ ನಿಂತುಬಿಡುತ್ತಿದ್ದರು. ಮಂತ್ರ ಮಾತ್ರ ಮುಂದೆ ಓಡುತ್ತಿತ್ತು.

"ಅಣ್ಣ, ಪ್ರಾಕ್ಸಿ ಮಾಡ್ಕೊಳ್ಳಿ ಅಂತ ಹೋದ ಮದುವೇಲೇ ಹೇಳಿದ್ನಲ್ಲ" ಅಂದ ಸ್ಟುಡಿಯೊದಲ್ಲಿ ಕೆಲಸಕ್ಕಿರುವ ನಮ್ಮ ಹುಡುಗ. ಇಪ್ಪತ್ತೆರಡು ವಯಸ್ಸು, ಬರುವುದು ಹನ್ನೊಂದಕ್ಕೆ, ಆದರೆ ಹೇಳಿದ್ದು ಸರಿ. ಕ್ಯಾಮೆರಾದ ಎಚ್.265 ಅನ್ನುವ ಕುಗ್ಗಿಸಿದ ಫೈಲು ಪ್ರತಿ ಫ್ರೇಮನ್ನೂ ಪೂರ್ತಿ ಇಡುವುದಿಲ್ಲ. ಅಕ್ಕಪಕ್ಕದ ಫ್ರೇಮಿಗೂ ಇದಕ್ಕೂ ಏನು ಬದಲಾಯ್ತು ಅಷ್ಟನ್ನೇ ಇಡುತ್ತದೆ. ಜಾಗ ಉಳಿಯುತ್ತದೆ, ಕಂಪ್ಯೂಟರಿಗೆ ಬೆವರು ಇಳಿಯುತ್ತದೆ. ಪ್ರಾಕ್ಸಿ ಅಂದ್ರೆ ಅದರದೇ ಹಗುರ ನಕಲು. ಕತ್ತರಿಸುವುದು ನಕಲಿನಲ್ಲಿ, ಕೊನೆಗೆ ರೆಂಡರ್ ಅಸಲಿನಿಂದ. ರಾತ್ರಿ ಹಾಕಿ ಮನೆಗೆ ಹೋದೆವು. ಬೆಳಿಗ್ಗೆ ಪುರೋಹಿತರ ಕೈಯೂ ಮಂತ್ರವೂ ಜೊತೆಗೇ ಹೋಗುತ್ತಿದ್ದವು.

ಬಟನ್ ಮಾತು ಬಂದ ಮೇಲೆ ಟೈಮ್‌ಲೈನನ್ನೂ ಒಡೆದೆ. ವರಪೂಜೆ, ಧಾರೆ, ಸಪ್ತಪದಿ, ಆರತಕ್ಷತೆ, ಒಂದೊಂದಕ್ಕೂ ಒಂದೊಂದು ಫೈಲ್. ಒಟ್ಟು ಹದಿನೇಳು. ಹೆಸರು ತಪ್ಪಿದರೆ ಅದೊಂದನ್ನೇ ಮತ್ತೆ ತೆಗೆದರಾಯಿತು. ಇನ್ನೊಂದು ತಲೆನೋವೂ ಹೋಯ್ತು. ಹಳೇ ಟಿವಿಗೆ ಅಂತ ಪೆನ್‌ಡ್ರೈವನ್ನು ಫ್ಯಾಟ್32 ಅನ್ನುವ ಹಳೇ ಫಾರ್ಮ್ಯಾಟ್ ಮಾಡಿದರೆ, 4 ಜಿಬಿಗಿಂತ ದೊಡ್ಡ ಫೈಲ್ ಅದರಲ್ಲಿ ಕೂರುವುದೇ ಇಲ್ಲ. ನಾವು ಕೊಡುವ ವಿಡಿಯೊ ಸೆಕೆಂಡಿಗೆ 20 ಮೆಗಾಬಿಟ್, ಅದರಲ್ಲಿ ಅರ್ಧ ಗಂಟೆಯೂ ಹಿಡಿಸಲ್ಲ.

ಇಷ್ಟು ವರ್ಷ ಇದನ್ನೆಲ್ಲ ಯಾಕೆ ಮಾಡಲಿಲ್ಲ? ಸೋಮಾರಿತನ ಅನ್ನಬಹುದು. ರಾತ್ರಿ ಎರಡರ ತನಕ ಕೂತು ಒದ್ದಾಡಿದರೇನೇ ಕೆಲಸ ಮಾಡಿದ ಹಾಗೆ ಅನ್ನುವ ಚಾಳಿಯೂ ಇತ್ತು. ಮನೆಯವರನ್ನು ಕೇಳಿದರೆ ಎರಡನೆಯದೇ ನಿಜ ಅಂತಾರೆ.

ಶುಕ್ರವಾರ ಸಂಜೆ ಹುಡುಗಿಯ ತಂದೆಯೇ ಸ್ಟುಡಿಯೊಗೆ ಬಂದರು. ಹದಿನೇಳು ಫೈಲುಗಳ ಮೇಲೆ ಬೆರಳಾಡಿಸಿದರು. ಧಾರೆ ತೆರೆಯಬಹುದು ಅಂದುಕೊಂಡೆ.

"ಊಟದ್ದು ಎಲ್ಲಿ ಸಾರ್?"

ಊಟವನ್ನು ಪೂರ್ತಿ ತೆಗೆದುಹಾಕಿದ್ದೆ. ಎಲೆ ಮುಂದೆ ಬಾಯಿ ಆಡಿಸುವವರನ್ನು ಯಾರು ನೋಡ್ತಾರೆ ಅಂತ.

"ಮೊದಲ ಪಂಕ್ತೀಲಿ ನಮ್ಮಣ್ಣ ಕೂತಿದ್ರು. ಹನ್ನೆರಡು ವರ್ಷ ಆದ್ಮೇಲೆ ನಮ್ಮನೆ ಊಟ ಮಾಡಿದ್ದು."

ಹುಡುಗ ನನ್ನ ಮುಖ ನೋಡಿದ. ಪ್ರಾಕ್ಸಿ ಇನ್ನೂ ಅಳಿಸಿರಲಿಲ್ಲ. ಹುಡುಕಿದೆವು. ಅಣ್ಣ ಒಬ್ಬಟ್ಟಿಗೆ ತುಪ್ಪ ಬೇಡ ಅಂತ ಕೈ ಅಡ್ಡ ಹಿಡಿದಿದ್ದರು. ಇವರು ಆ ಬೆರಳ ಸಂದಿಯಲ್ಲೇ ಬಡಿಸುತ್ತಿದ್ದರು.

ಕತ್ತರಿಸಿ, ಹದಿನೆಂಟನೇ ಫೈಲ್ ಮಾಡಿ, ರೆಂಡರಿಗೆ ಹಾಕಿದೆ. ಬಟನ್ ಅವರ ಕೈಯಲ್ಲೇ ಒತ್ತಿಸಿದೆ.