ಊಟಿಯ ಬೆಳ್ಳನೆಯ ಹುಲ್ಲು ನೋಡಲು ಉಡುಪಿಯಿಂದ ಹೊರಡುವವರಿಗೆ

ಉಡುಪಿಯಲ್ಲಿ ಚಳಿಗಾಲವೆಂದರೆ ಫ್ಯಾನನ್ನು ಐದರಿಂದ ಎರಡಕ್ಕೆ ಇಳಿಸುವ ಕಾಲ, ಅಷ್ಟೇ. ಹಾಗಾಗಿ ಊಟಿಯಲ್ಲಿ ‘ಹಿಮಪಾತ’ವಾಗಿದೆ ಎಂಬ ವೀಡಿಯೊ ನೋಡಿ ಮಗಳು ಹಟ ಹಿಡಿದಾಗ, ಜನವರಿಯಲ್ಲಿ ಅಮ್ಮನನ್ನೂ ಸೇರಿಸಿಕೊಂಡು ನಾವು ನಾಲ್ವರು ಕಾರಿನಲ್ಲಿ ಹೊರಟೆವು.

ಮೊದಲೇ ಹೇಳಿಬಿಡುತ್ತೇನೆ, ಅಲ್ಲಿ ಆಕಾಶದಿಂದ ಹಿಮ ಉದುರುವುದಿಲ್ಲ. ಮೋಡವೂ ಗಾಳಿಯೂ ಇಲ್ಲದ ರಾತ್ರಿಯಲ್ಲಿ ನೆಲ ತನ್ನ ಕಾವನ್ನೆಲ್ಲ ಬಿಟ್ಟುಕೊಟ್ಟು ತಣ್ಣಗಾಗುತ್ತದೆ, ಭಾರವಾದ ತಂಪುಗಾಳಿ ತಗ್ಗಿಗೆ ಇಳಿದು ನಿಲ್ಲುತ್ತದೆ, ಅದರ ತೇವ ಹುಲ್ಲಿನ ಮೇಲೆ ಮಂಜಿನ ಹರಳಾಗಿ ಕೂರುತ್ತದೆ. ಆದ್ದರಿಂದ ಇದನ್ನು ಹುಡುಕಿಕೊಂಡು ದೊಡ್ಡಬೆಟ್ಟದ ತುದಿಗೆ ಹೋಗುವುದಕ್ಕಿಂತ ಊಟಿ ಹತ್ತಿರದ ತಲೈಕುಂದದಂಥ ತಗ್ಗಿನ ಹುಲ್ಲುಗಾವಲಿಗೆ ಹೋಗುವುದು ಮೇಲು. ಡಿಸೆಂಬರ್ ಮತ್ತು ಜನವರಿ ಸೂಕ್ತ ಕಾಲ. ಹಿಂದಿನ ಸಂಜೆ ಮೋಡ ಕವಿದಿದ್ದರೆ ಮರುದಿನ ಬೇಗ ಏಳುವ ಶ್ರಮ ಬೇಡ.

ಮೊದಲ ಬೆಳಿಗ್ಗೆ ನಾವು ಸೋತೆವು. ಬಿಸಿನೀರು ಆರೂವರೆಯ ನಂತರವೇ ಬರುತ್ತದೆಂದು ವಸತಿಗೃಹದವರು ಹೇಳಿದ್ದನ್ನು ನಂಬಿ, ಸ್ನಾನ, ಕಾಫಿ ಎಲ್ಲ ಮುಗಿಸಿ ಎಂಟು ಗಂಟೆಗೆ ತಲೈಕುಂದ ತಲುಪಿದರೆ, ಕಂಡದ್ದು ಬರೀ ಒದ್ದೆ ಹುಲ್ಲು. ಮರುದಿನ ಸ್ನಾನದ ಗೊಡವೆಗೆ ಹೋಗದೆ ಐದೂವರೆಗೇ ಹೊರಟೆವು. ಬೆಳಕು ಹರಿದಂತೆ ಇಡೀ ಬಯಲು ಬೆಳ್ಳಗೆ ಕಾಣಿಸಿತು; “ಅಕ್ಕಿಹಿಟ್ಟು ಜರಡಿ ಹಿಡಿದ ಹಾಗಿದೆ” ಎಂದರು ಅಮ್ಮ. ಮಗಳು, ರಾತ್ರಿಯಿಡೀ ಅಲ್ಲೇ ನಿಂತಿದ್ದ ಯಾರದೋ ಕಾರಿನ ಬಾನೆಟ್ಟಿನಿಂದ ಸ್ಟೀಲ್ ಚಮಚದಲ್ಲಿ ಹರಳು ಕೆರೆದು, ಅಂಗೈಯಲ್ಲಿ ಹಿಡಿದು, ಅದು ನೀರಾಗುವವರೆಗೂ ಯಾರೊಂದಿಗೂ ಮಾತಾಡಲಿಲ್ಲ. ಬಿಸಿಲು ಬಿದ್ದ ಕಡೆ ಬಿಳಿ ಮಾಯವಾಗುತ್ತ ಬಂದು, ಮರದ ನೆರಳಿನಷ್ಟೇ ಆಕಾರದಲ್ಲಿ ಸ್ವಲ್ಪ ಹೊತ್ತು ಉಳಿದಿತ್ತು. ಒಟ್ಟು ಒಂದು ಗಂಟೆಯ ನೋಟ. ಆ ಒಂದು ಗಂಟೆಗಾಗಿ ಎರಡು ರಾತ್ರಿಯಾದರೂ ಉಳಿಯುವಂತೆ ಯೋಜಿಸಿಕೊಳ್ಳಿ.

ಗಾಜಿನ ಮೇಲೆ ಹರಳು ಕಟ್ಟಿದ್ದರೆ ಬಿಸಿನೀರು ಸುರಿಯಬೇಡಿ, ಗಾಜು ಬಿರುಕು ಬಿಡಬಹುದು. ಎಂಜಿನ್ ಚಾಲೂ ಮಾಡಿ ಕಾಯುವುದೇ ಸರಿ. ಹವಾಯಿ ಚಪ್ಪಲಿಯಲ್ಲಿ ಬಂದಿದ್ದ ಅಮ್ಮ ಹತ್ತು ನಿಮಿಷದಲ್ಲಿ ಕಾರು ಸೇರಿದರು. ಬೂಟು, ಎರಡು ಜೊತೆ ಕಾಲುಚೀಲ, ಕಿವಿ ಮುಚ್ಚುವ ಟೊಪ್ಪಿಗೆ ಬೇಕೇ ಬೇಕು. ತಲೆಗೆ ಹಚ್ಚಲು ಒಯ್ದ ತೆಂಗಿನೆಣ್ಣೆ ಬಾಟಲಿಯಲ್ಲೇ ಗಟ್ಟಿಯಾಗಿ ಒಂದು ತೊಟ್ಟೂ ಬೀಳಲಿಲ್ಲ. ಅಗಲ ಬಾಯಿಯ ಡಬ್ಬಿಯಲ್ಲಿ ಒಯ್ಯಿರಿ.

ದಾರಿ ಸುಳ್ಯ, ಸಂಪಾಜೆ ಘಾಟಿ, ಮಡಿಕೇರಿ, ಮೈಸೂರು, ಗುಂಡ್ಲುಪೇಟೆಯ ಮೂಲಕ, ನಾನೂರು ಕಿಲೋಮೀಟರಿಗೂ ಹೆಚ್ಚು. ಮಕ್ಕಳು, ಹಿರಿಯರು ಜೊತೆಗಿದ್ದರೆ ಒಂದೇ ದಿನದಲ್ಲಿ ಮುಗಿಸುವ ಹಟ ಬೇಡ, ಮೈಸೂರಿನಲ್ಲಿ ತಂಗಿ. ಬಂಡೀಪುರದ ಕಾಡುದಾರಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ. ಬಂಡೀಪುರ ದಾಟಿದ ಮೇಲೆ ಸಿಗುವ ತೆಪ್ಪಕಾಡಿನಿಂದ ಮಸಿನಗುಡಿ ಮಾರ್ಗ ಹತ್ತಿರವಾದರೂ ಅದರ 36 ಕಡಿದಾದ ತಿರುವುಗಳಿಗೆ ಘಾಟಿಯ ಅಭ್ಯಾಸವಿರುವ ಚಾಲಕನೇ ಬೇಕು. ನಾವು ಹೋಗುವಾಗಲೂ ಬರುವಾಗಲೂ ಗೂಡಲೂರು ರಸ್ತೆಯನ್ನೇ ಹಿಡಿದೆವು. ಮದ್ರಾಸ್ ಹೈಕೋರ್ಟಿನ ಆದೇಶದಂತೆ 2024ರ ಮೇ ತಿಂಗಳಿನಿಂದ ನೀಲಗಿರಿಗೆ ಹೋಗುವ ವಾಹನಗಳಿಗೆ ಇ-ಪಾಸ್ ಪದ್ಧತಿ ಬಂದಿದೆ, ಮನೆಯಲ್ಲೇ ಆನ್‌ಲೈನಿನಲ್ಲಿ ಮಾಡಿಸಿಕೊಳ್ಳಿ. ಅಲ್ಲಿ ಪ್ಲಾಸ್ಟಿಕ್ ನೀರಿನ ಬಾಟಲಿಗೆ ನಿಷೇಧವಿರುವುದರಿಂದ ಸ್ಟೀಲ್ ಬಾಟಲಿಯೇ ಇರಲಿ. ಮರಳುವಾಗ ಮೈಸೂರಿನಲ್ಲಿ ತಂಗದೆ ನೇರ ಊರು ಸೇರುವುದಾದರೆ, ಆ ದಿನ ಊಟಿಯಲ್ಲಿ ಮಧ್ಯಾಹ್ನದ ಊಟಕ್ಕೆ ನಿಂತರೆ ಸಂಪಾಜೆ ಘಾಟಿ ಇಳಿಯುವುದು ರಾತ್ರಿಯಾಗುತ್ತದೆ, ತಿಂಡಿ ಮುಗಿಸಿ ಹೊರಟುಬಿಡಿ.